ಚಿಕ್ಕ ಐಶ್ಯಾಡೋ ಬ್ರಷ್: ಗೆರೆ ಕರಗಬೇಕು, ಬಣ್ಣ ಇದ್ದಲ್ಲೇ ಇರಬೇಕು

ಪ್ರಶ್ನೆ: ನನ್ನ ಕಣ್ಣಿನ ರೆಪ್ಪೆ ಕಿರಿದು. ಕಣ್ಣು ಬಿಟ್ಟಾಗ ಮೇಲಿನ ಚರ್ಮ ಇಳಿದು ರೆಪ್ಪೆಯ ಅರ್ಧಭಾಗವನ್ನು ಮುಚ್ಚುತ್ತದೆ. ಮೊದಲಿನಿಂದ ಇರುವ ಬ್ಲೆಂಡಿಂಗ್ ಬ್ರಷ್ ಬಳಸಿದರೆ ಗಾಢ ಬಣ್ಣ ಹುಬ್ಬಿನವರೆಗೂ ಏರಿಬಿಡುತ್ತದೆ. ಅದಕ್ಕೆಂದೇ ಚಿಕ್ಕದಾದ, ಚೂಪು ತುದಿಯ ಒಂದು ಬ್ರಷ್ ಕೊಂಡೆ. ಅದರಲ್ಲಿ ಗೆರೆ, ಮಚ್ಚೆ ಏಳುತ್ತವೆ; ಎಷ್ಟು ಉಜ್ಜಿದರೂ ಕರಗುವುದಿಲ್ಲ. ತಪ್ಪು ಬ್ರಷ್‌ನದೋ, ನನ್ನ ಕೈಯದೋ?

ಉತ್ತರ: ಎರಡರದ್ದೂ ಸ್ವಲ್ಪ ಸ್ವಲ್ಪ ಇದೆ. ನೀವು ಹೇಳುವ ಲಕ್ಷಣ ನೋಡಿದರೆ ಕೊಂಡಿರುವುದು ಪೆನ್ಸಿಲ್ ಬ್ರಷ್ ಇರಬೇಕು. ಎಳೆಗಳು ಒತ್ತೊತ್ತಾಗಿ ತುಂಬಿ, ತುದಿ ಹೆರೆದ ಪೆನ್ಸಿಲ್ಲಿನಂತೆ ಚೂಪಾಗಿರುವ ಬ್ರಷ್ ಅದು. ಬಣ್ಣವನ್ನು ಬೇಕಾದ ಜಾಗದಲ್ಲೇ ಇಡಲು ಅದು ಬಹಳ ಒಳ್ಳೆಯ ಸಾಧನ. ಇಟ್ಟ ಬಣ್ಣದ ಅಂಚನ್ನು ಕರಗಿಸಲು ಮಾತ್ರ ಅದರಿಂದ ಆಗದು, ಏಕೆಂದರೆ ಒತ್ತಾದ ಎಳೆಗಳು ಚರ್ಮದ ಮೇಲೆ ಬಾಗುವುದಿಲ್ಲ. ಹೋದಲ್ಲೆಲ್ಲ ಪುಡಿಯನ್ನು ಒತ್ತಿ ಕೂರಿಸುತ್ತವೆ. ಕರಗಿಸಲು ಬೇಕಿರುವುದು ಅಷ್ಟೇ ಚಿಕ್ಕದಾದ, ಆದರೆ ಸಡಿಲವಾಗಿ ತುಂಬಿದ, ತುದಿಯಲ್ಲಿ ತೆಳ್ಳಗಾಗುತ್ತ ಹೋಗುವ ಬ್ಲೆಂಡಿಂಗ್ ಬ್ರಷ್. ಎರಡನ್ನೂ ‘ಚಿಕ್ಕ ಐಶ್ಯಾಡೋ ಬ್ರಷ್’ ಎಂಬ ಒಂದೇ ಹೆಸರಿನಲ್ಲಿ ಮಾರುವುದರಿಂದ ಈ ಗೊಂದಲ ಬಹಳ ಮಂದಿಗೆ ಆಗುತ್ತದೆ.

ಬ್ರಷ್ ಆರಿಸುವ ಮುಂಚೆ ಬ್ಲೆಂಡ್ ಎಂದರೇನು ಎಂಬುದು ಖಚಿತವಾಗಿರಲಿ. ಬಣ್ಣವನ್ನು ಅತ್ತಿತ್ತ ಹರಡುವುದನ್ನೇ ಹಲವರು ಬ್ಲೆಂಡ್ ಎಂದುಕೊಂಡಿರುತ್ತಾರೆ. ನಿಜವಾಗಿ ಮಾಡಬೇಕಾದ ಕೆಲಸ ಬಣ್ಣ ಮುಗಿದು ಚರ್ಮ ಶುರುವಾಗುವ ಆ ಎರಡು ಮೂರು ಮಿಲಿಮೀಟರ್ ಅಂಚಿನಲ್ಲಿ ಮಾತ್ರ. ಅಲ್ಲಿ ಪುಡಿ ಕ್ರಮೇಣ ತೆಳುವಾಗುತ್ತ ಹೋಗಬೇಕು, ಅಷ್ಟೆ. ನಡುವಿನ ಗಾಢ ಬಣ್ಣವನ್ನು ಬ್ರಷ್ ಮುಟ್ಟುವ ಅಗತ್ಯವೇ ಇಲ್ಲ; ಮುಟ್ಟಿದರೆ ಆ ಬಣ್ಣ ಅಂಚಿಗೆ ಬರುತ್ತದೆ, ಅಂಚು ಇನ್ನಷ್ಟು ಮೇಲಕ್ಕೆ ಸರಿಯುತ್ತದೆ. ದೊಡ್ಡ ಬ್ರಷ್‌ನಲ್ಲಿ ಬಣ್ಣ ಹುಬ್ಬಿಗೆ ಏರುವುದು ಇದೇ ಕಾರಣಕ್ಕೆ. ಕಿರಿದಾದ ರೆಪ್ಪೆಯಲ್ಲಿ ಆ ಬ್ರಷ್ ನಡುಭಾಗವನ್ನೂ ಅಂಚನ್ನೂ ಒಟ್ಟಿಗೇ ಮುಟ್ಟುತ್ತದೆ, ಬೇರೆ ದಾರಿಯೇ ಅದಕ್ಕಿಲ್ಲ.

ಹಾಗಾದರೆ ನಿಮ್ಮ ಕಣ್ಣಿಗೆ ಎಷ್ಟು ಚಿಕ್ಕದು ಬೇಕು? ಇದನ್ನು ಅಳೆದೇ ನೋಡಬಹುದು. ಕನ್ನಡಿಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಹುಬ್ಬು ಏರಿಸದೆ, ನೇರ ಎದುರಿಗೆ ನೋಡಿ. ರೆಪ್ಪೆಗೂದಲ ಬುಡದಿಂದ ಮಡಿಕೆಯವರೆಗೆ ಕಾಣುವ ಜಾಗ ಎಷ್ಟು, ಮಡಿಕೆಯಿಂದ ಹುಬ್ಬಿನ ಕೆಳ ಅಂಚಿನವರೆಗೆ ಎಷ್ಟು ಎಂದು ಎರಡು ಅಳತೆ ಅಂದಾಜು ಮಾಡಿ. ಅಳತೆಪಟ್ಟಿಯನ್ನು ಕಣ್ಣಿನ ಹತ್ತಿರ ತರಬೇಡಿ. ಫೋಟೋ ತೆಗೆದು ಹೋಲಿಸಿದರೆ ಸಾಕು. ಈ ಎರಡರಲ್ಲಿ ಯಾವ ಜಾಗದಲ್ಲಿ ಬ್ಲೆಂಡ್ ಮಾಡುತ್ತೀರೋ ಅದರ ಅಗಲದ ಅರ್ಧವನ್ನು ಬ್ರಷ್ ಮೀರಬಾರದು. ಈ ಅಗಲವನ್ನು ಬ್ರಷ್ ಸುಮ್ಮನಿರುವಾಗ ನೋಡಿದರೆ ಮೋಸಹೋಗುತ್ತೀರಿ. ಕೈ ಬೆನ್ನಿನ ಮೇಲೆ ಬಳಸುವಷ್ಟೇ ಒತ್ತಡದಲ್ಲಿ ಊರಿ ನೋಡಿ. 5 ಮಿಲಿಮೀಟರ್ ಅಗಲದ ಸಡಿಲ ಬ್ರಷ್ ಒತ್ತಿದಾಗ 7-8 ಮಿಲಿಮೀಟರ್‌ಗೆ ಅರಳುವುದು ಸಾಮಾನ್ಯ.

ಅಂದಾಜಿಗೆ ಕೆಲವು ಅಂಕಿಗಳು. ಸಾಧಾರಣ ಬ್ಲೆಂಡಿಂಗ್ ಬ್ರಷ್‌ನ ಎಳೆಗಳು 15 ಮಿಲಿಮೀಟರ್ ಆಸುಪಾಸು ಉದ್ದ, ಹೊಟ್ಟೆಯ ಭಾಗದಲ್ಲಿ 10-12 ಮಿಲಿಮೀಟರ್ ಅಗಲ ಇರುತ್ತವೆ. ನಿಮಗೆ ಬೇಕಾದ ಚಿಕ್ಕದರಲ್ಲಿ ಎಳೆಯ ಉದ್ದ 9-11, ಅಗಲ 5-6 ಇದ್ದರೆ ಸರಿ. ಪೆನ್ಸಿಲ್ ಬ್ರಷ್‌ನಲ್ಲಿ ಉದ್ದ 6-8ಕ್ಕೆ ಇಳಿಯುತ್ತದೆ. ಉದ್ದಕ್ಕೂ ಅಗಲಕ್ಕೂ ಇರುವ ಸಂಬಂಧವನ್ನು ಗಮನಿಸಿ: ಇಷ್ಟು ಚಿಕ್ಕ ಬ್ರಷ್‌ನಲ್ಲಿ ಉದ್ದವು ಅಗಲದ ಸುಮಾರು ಎರಡು ಪಟ್ಟು ಇದ್ದರೆ ಎಳೆ ಬಾಗಲು ಅವಕಾಶವಿರುತ್ತದೆ. ಉದ್ದ ತೀರಾ ಕಡಿಮೆಯಾದರೆ ಬ್ರಷ್ ಬಿರುಸಾಗಿ ಗೆರೆ ಎಳೆಯುತ್ತದೆ, ತೀರಾ ಹೆಚ್ಚಾದರೆ ತುದಿ ಓಲಾಡಿ ಹಿಡಿತಕ್ಕೆ ಸಿಗುವುದಿಲ್ಲ.

ಹೆಸರು, ಸಂಖ್ಯೆ ನಂಬಿ ಕೊಳ್ಳಬೇಡಿ. ಮ್ಯಾಕ್ ಎಂಬ ಮೇಕಪ್ ಕಂಪನಿಯಲ್ಲಿ 217 ಎಂದರೆ ತುಪ್ಪುಳದಂಥ ಬ್ಲೆಂಡಿಂಗ್ ಬ್ರಷ್, 219 ಎಂದರೆ ಪೆನ್ಸಿಲ್ ಬ್ರಷ್. ಮೇಕಪ್ ಕಲಿಸುವವರ ಬಾಯಲ್ಲಿ ಈ ಸಂಖ್ಯೆಗಳು ಎಷ್ಟು ಓಡಾಡುತ್ತವೆಂದರೆ ಎಲ್ಲ ಕಂಪನಿಗಳಿಗೂ ಇದೇ ಲೆಕ್ಕ ಎಂದು ಹೊಸಬರು ಭಾವಿಸುತ್ತಾರೆ. ಹಾಗಿಲ್ಲ, ಪ್ರತಿ ಕಂಪನಿಯ ಎಣಿಕೆಯೂ ಬೇರೆ. ‘ಕ್ರೀಸ್’, ‘ಸ್ಮಡ್ಜ್’, ‘ಡೀಟೇಲ್’ ಎಂಬ ಹೆಸರುಗಳೂ ಅಷ್ಟೇ. ಆಕಾರ ನೋಡಿಯೇ ತೀರ್ಮಾನಿಸಿ.

ಆಕಾರದಲ್ಲಿ ನೋಡಬೇಕಾದದ್ದು ಬ್ರಷ್‌ನ ಕೊರಳು, ಅಂದರೆ ಎಳೆಗಳನ್ನು ಹಿಡಿಗೆ ಬಿಗಿದಿರುವ ಲೋಹದ ಕೊಳವೆ. ಅದು ದುಂಡಗಿದ್ದರೆ ಎಳೆಗಳ ಗೊಂಚಲೂ ದುಂಡಗಿರುತ್ತದೆ, ಯಾವ ದಿಕ್ಕಿಗೆ ತಿರುಗಿಸಿದರೂ ಒಂದೇ ರೀತಿ ತಾಗುತ್ತದೆ. ಕೊಳವೆಯನ್ನು ಒತ್ತಿ ಚಪ್ಪಟೆ ಮಾಡಿದ್ದರೆ ಬ್ರಷ್‌ಗೆ ಅಂಚು ಬರುತ್ತದೆ. ರೆಪ್ಪೆಯ ಮೇಲೆ ಬಣ್ಣ ಮೆತ್ತಲು ಅದು ಚೆನ್ನ, ಕರಗಿಸುವಾಗ ಆ ಅಂಚೇ ಗೆರೆ ಬಿಡುತ್ತದೆ. ನಿಮ್ಮ ಕೆಲಸಕ್ಕೆ ದುಂಡು ಕೊಳವೆ, ಮೇಣದಬತ್ತಿಯ ಜ್ವಾಲೆಯಂತೆ ನಡುವೆ ಉಬ್ಬಿ ತುದಿಗೆ ಸಣ್ಣಗಾಗುವ ಗೊಂಚಲು ಬೇಕು. ಜ್ವಾಲೆಯ ತುದಿ ಅಂಚನ್ನು ಹುಡುಕುತ್ತದೆ, ಹೊಟ್ಟೆ ಕರಗಿಸುತ್ತದೆ.

ಎಳೆ ಯಾವುದರದ್ದಿರಬೇಕು ಎಂಬುದು ನೀವು ಬಳಸುವ ಐಶ್ಯಾಡೋ ಮೇಲೆ ನಿಂತಿದೆ. ಪ್ರಾಣಿಯ ಕೂದಲಿನ ಮೈಮೇಲೆ ಕಣ್ಣಿಗೆ ಕಾಣದ ಸಣ್ಣ ಹುರುಪೆಗಳಿರುತ್ತವೆ. ಪುಡಿ ಅವುಗಳ ನಡುವೆ ಸಿಕ್ಕಿಕೊಂಡು ಸ್ವಲ್ಪ ಸ್ವಲ್ಪವಾಗಿ ಬಿಡುಗಡೆಯಾಗುವುದರಿಂದ ಒಣ ಪುಡಿಗೆ ಅದು ಹಿಂದಿನಿಂದಲೂ ಒಗ್ಗಿದ್ದು. ಮೇಕೆಯ ಕೂದಲಿಗೆ ಪುಟಿತ ಚೆನ್ನಾಗಿದೆ. ಅಳಿಲಿನದು ಬಹಳ ಮೃದು, ಆದರೆ ಬೇಗ ಮಲಗಿಬಿಡುತ್ತದೆ; ಚಿಕ್ಕ ಬ್ರಷ್‌ನಲ್ಲಿ ಹಿಡಿತ ಸಿಗದು. ನೈಲಾನ್ ಅಥವಾ ಪಿಬಿಟಿ ಎಂಬ ಪ್ಲಾಸ್ಟಿಕ್‌ನಿಂದ ಮಾಡುವ ಸಿಂಥೆಟಿಕ್ ಎಳೆಯ ಮೈ ನುಣುಪು, ಅದು ಎಣ್ಣೆ ನೀರು ಹೀರುವುದಿಲ್ಲ. ಕ್ರೀಮ್ ಐಶ್ಯಾಡೋಗೆ ಅದೇ ಸೈ. ಈಗೀಗ ಸಿಂಥೆಟಿಕ್ ಎಳೆಗೂ ಸೂಕ್ಷ್ಮ ಅಲೆಗಳನ್ನು ಕೊಟ್ಟು ಪುಡಿ ಹಿಡಿಯುವಂತೆ ಮಾಡಿರುತ್ತಾರೆ. ಮೊದಲ ಬಾರಿ ಕೊಳ್ಳುವವರಿಗೆ ಒಳ್ಳೆಯ ಸಿಂಥೆಟಿಕ್ ಬ್ರಷ್ಷನ್ನೇ ಹೇಳುತ್ತೇವೆ: ತೊಳೆಯುವುದು ಸುಲಭ, ಬೇಗ ಒಣಗುತ್ತದೆ, ಪ್ರಾಣಿಯ ಕೂದಲು ಆಗದವರಿಗೂ ತೊಂದರೆಯಿಲ್ಲ, ಪುಡಿ ಕ್ರೀಮ್ ಎರಡಕ್ಕೂ ನಡೆಯುತ್ತದೆ.

ಚುಚ್ಚುವ ಬ್ರಷ್‌ನ ರಹಸ್ಯ ಹೆಚ್ಚಿನ ಸಲ ಎಳೆಯ ಜಾತಿಯಲ್ಲಿ ಇರುವುದಿಲ್ಲ, ತುದಿಯಲ್ಲಿರುತ್ತದೆ. ಪ್ರತಿ ಕೂದಲೂ ಸಹಜವಾಗಿ ತುದಿಗೆ ಸಣ್ಣಗಾಗಿರುತ್ತದೆ. ಗೊಂಚಲನ್ನು ಕತ್ತರಿಸಿ ಆಕಾರ ಕೊಟ್ಟರೆ ಆ ಸಣ್ಣ ತುದಿ ಹೋಗಿ ಮೊಂಡು ತುದಿ ಉಳಿಯುತ್ತದೆ, ಅದೇ ಚುಚ್ಚುವುದು. ಬ್ರಷ್ ತಯಾರಿಕೆಗೆ ಹೆಸರಾದ ಜಪಾನಿನ ಕುಮಾನೊದ ಸಾಂಪ್ರದಾಯಿಕ ವಿಧಾನದಲ್ಲಿ ತುದಿ ಕತ್ತರಿಸದೆ, ಗೊಂಚಲನ್ನು ಅಚ್ಚಿನಲ್ಲಿಟ್ಟು ಆಕಾರ ತರುತ್ತಾರೆ. ಆ ಬ್ರಷ್‌ಗಳು ಹಿತವೆನಿಸಲು ಇದೊಂದು ಮುಖ್ಯ ಕಾರಣ. ನಿಮ್ಮ ಕೈಯಲ್ಲಿರುವುದನ್ನು ಪರೀಕ್ಷಿಸಲು ಮೊಣಕೈಯ ಒಳಮೈ ಮೇಲೆ ತುದಿಯನ್ನು ಲಂಬವಾಗಿ ಊರಿ ಮೆಲ್ಲಗೆ ತಿರುಗಿಸಿ. ಅಲ್ಲಿ ಚುಚ್ಚಿದ್ದು ರೆಪ್ಪೆಯ ಮೇಲೆ ಇನ್ನೂ ಹೆಚ್ಚು ಚುಚ್ಚುತ್ತದೆ, ಏಕೆಂದರೆ ರೆಪ್ಪೆಯ ಚರ್ಮ ಮೈಯಲ್ಲೇ ಅತ್ಯಂತ ತೆಳುವಾದದ್ದು, ಹೆಚ್ಚುಕಡಿಮೆ ಅರ್ಧ ಮಿಲಿಮೀಟರ್.

ಕೊಳ್ಳುವಾಗಲೇ ಮಾಡಬಹುದಾದ ಪರೀಕ್ಷೆಗಳು ಇನ್ನೂ ಇವೆ. ತುದಿಯನ್ನು ಬೆರಳಿನಿಂದ ಒಂದು ಬದಿಗೆ ಬಾಗಿಸಿ ಬಿಡಿ: ತಕ್ಷಣ ನೆಟ್ಟಗಾಗಬೇಕು, ಆದರೆ ಬೆರಳಿಗೆ ಎದುರು ನಿಲ್ಲಬಾರದು. ಗೊಂಚಲನ್ನು ನಯವಾಗಿ ಎಳೆಯಿರಿ. ಹೊಸತರಲ್ಲಿ ಒಂದೆರಡು ಎಳೆ ಬಂದರೆ ಚಿಂತೆಯಿಲ್ಲ, ಎಳೆದಷ್ಟೂ ಬರುತ್ತಿದ್ದರೆ ಅಂಟು ಸರಿಯಿಲ್ಲ. ಕೊಳವೆಯನ್ನು ಹಿಡಿದು ಹಿಡಿಯನ್ನು ತಿರುಗಿಸಿದಾಗ ಅಲುಗಾಡಬಾರದು. ಬೆಳಕಿಗೆ ಎದುರು ಹಿಡಿದು ಸುತ್ತ ತಿರುಗಿಸಿ ನೋಡಿ, ಒಂದೇ ಒಂದು ಎಳೆ ಹೊರಚಾಚಿದ್ದರೂ ಅದು ಬೇಡದ ಕಡೆ ಕೂದಲೆಳೆಯಂಥ ಗೆರೆ ಎಳೆಯುತ್ತದೆ. ಚಿಕ್ಕ ಬ್ರಷ್‌ನಲ್ಲಿ ಇದು ದೊಡ್ಡ ದೋಷ.

ಈಗ ಕೈಯ ವಿಷಯ.

ಮೊದಲು ರೆಪ್ಪೆ ಸಿದ್ಧವಾಗಬೇಕು. ನಿಮ್ಮ ಮಚ್ಚೆಗಳಿಗೆ ಅರ್ಧ ಕಾರಣ ಇಲ್ಲಿರುವ ಸಾಧ್ಯತೆ ಹೆಚ್ಚು. ಪ್ರೈಮರ್ (ಬಣ್ಣಕ್ಕೆ ಮುಂಚೆ ಹಚ್ಚುವ ತಳಪದರ) ಅಥವಾ ಕನ್ಸೀಲರ್ (ಕಲೆ ಮುಚ್ಚುವ ಕ್ರೀಮ್) ಹಸಿಯಾಗಿ ಅಂಟಂಟಾಗಿರುವಾಗ ಪುಡಿ ಹಾಕಿದರೆ, ಮೊದಲು ತಾಗಿದ ಜಾಗದಲ್ಲೇ ಅದು ಕಚ್ಚಿಕೊಳ್ಳುತ್ತದೆ. ಆಮೇಲೆ ಯಾವ ಬ್ರಷ್ ತಂದರೂ ಕದಲುವುದಿಲ್ಲ. ಬಲವಂತ ಮಾಡಿದರೆ ಪ್ರೈಮರ್ ಸಮೇತ ಎದ್ದು ಬೋಳು ಕಲೆ ಉಳಿಯುತ್ತದೆ. ಎರಡು ರೆಪ್ಪೆಗೂ ಸೇರಿ ಒಂದು ಸಾಸಿವೆ ಕಾಳಿನಷ್ಟು ಪ್ರೈಮರ್ ಸಾಕು. ಬೆರಳ ತುದಿಯಿಂದ ತಟ್ಟಿ ತೆಳುವಾಗಿಸಿ, ಒಂದು ನಿಮಿಷ ಬಿಡಿ. ಬಳಿಕ ಚರ್ಮದ ಬಣ್ಣಕ್ಕೆ ಹತ್ತಿರವಾದ ಮ್ಯಾಟ್, ಅಂದರೆ ಹೊಳಪಿಲ್ಲದ, ಐಶ್ಯಾಡೋ ಅಥವಾ ಬಣ್ಣವಿಲ್ಲದ ಫೇಸ್ ಪೌಡರ್ ಅನ್ನು ತೆಳ್ಳಗೆ ಮೇಲೆ ಸವರಿ. ಬೆರಳಿಟ್ಟರೆ ಅಂಟದಂತಿರಬೇಕು. ರೆಪ್ಪೆಗೂದಲ ಹತ್ತಿರ ಬಣ್ಣ ಗಾಢವಾಗಿ ಹಿಡಿಯಬೇಕೆಂದಿದ್ದರೆ ಅಲ್ಲಿ ಮಾತ್ರ ಪೌಡರ್ ಹಾಕಬೇಡಿ. ಅಂಚು ಕರಗಬೇಕಾದ ಮೇಲ್ಭಾಗದಲ್ಲಿ ಹಾಕಲೇಬೇಕು.

ಪುಡಿ ತೆಗೆದುಕೊಳ್ಳುವಾಗ ತುದಿಯ ಒಂದೆರಡು ಮಿಲಿಮೀಟರ್ ಮಾತ್ರ ಪ್ಯಾಲೆಟ್‌ಗೆ ತಾಗಲಿ. ಒಮ್ಮೆ ಒತ್ತಿ ಎತ್ತಿ, ತಿಕ್ಕಬೇಡಿ: ತಿಕ್ಕಿದರೆ ಪುಡಿ ಎಳೆಗಳ ಬುಡಕ್ಕೆ ಇಳಿದು ಕುಳಿತು, ನೀವು ಬ್ಲೆಂಡ್ ಮಾಡುತ್ತಿರುವಾಗ ಅನಿರೀಕ್ಷಿತವಾಗಿ ಹೊರಬರುತ್ತದೆ. ನಂತರ ಹಿಡಿಯನ್ನು ಪ್ಯಾಲೆಟ್‌ನ ಅಂಚಿಗೆ ಎರಡು ಸಲ ತಟ್ಟಿ. ಮೊದಲ ಸ್ಪರ್ಶ ಕೈ ಬೆನ್ನಿನ ಮೇಲೆ ಆಗಲಿ, ಎರಡನೆಯದು ಕಣ್ಣಿನ ಮೇಲೆ. ಬ್ರಷ್ ಚಿಕ್ಕದಾದಷ್ಟೂ ಅದೇ ಪ್ರಮಾಣದ ಪುಡಿ ಕಡಿಮೆ ಜಾಗದಲ್ಲಿ ಬೀಳುತ್ತದೆ, ಅಂದರೆ ಮೊದಲ ಚುಕ್ಕೆ ಬಹಳ ಗಾಢವಾಗಿರುತ್ತದೆ. ದೊಡ್ಡ ಬ್ರಷ್‌ಗೆ ಅಭ್ಯಾಸವಾದ ಕೈ ಇಲ್ಲಿ ಎಡವುತ್ತದೆ. ಒಂದೇ ಸಲಕ್ಕೆ ಹಾಕುವ ಬದಲು ಮೂರು ತೆಳು ಪದರ ಹಾಕಿ, ಪ್ರತಿ ಪದರದ ನಂತರವೂ ಅಂಚು ಕರಗಿಸಿ.

ಹಿಡಿತ ಎರಡು ಬಗೆ. ಬಣ್ಣ ಇಡುವಾಗ ಲೋಹದ ಕೊಳವೆಯ ಹತ್ತಿರ, ಪೆನ್ನು ಹಿಡಿದಂತೆ. ಕಿರುಬೆರಳನ್ನು ಕೆನ್ನೆಗೆ ಆನಿಸಿ. ಕರಗಿಸುವಾಗ ಹಿಡಿಯ ಹಿಂದಿನ ತುದಿಯ ಹತ್ತಿರ, ಎರಡು ಬೆರಳಲ್ಲಿ ಸಡಿಲವಾಗಿ. ಹಿಂದೆ ಹಿಡಿದಾಗ ಒತ್ತಲು ಬಯಸಿದರೂ ಬಲ ಬೀಳುವುದಿಲ್ಲ. ಎಳೆಗಳು ತುಸುವೇ ಬಾಗುವಷ್ಟು ಒತ್ತಡ ಸಾಕು. ಬ್ರಷ್ ಜೊತೆ ಚರ್ಮವೂ ಜರುಗುತ್ತಿದ್ದರೆ ಒತ್ತಡ ಹೆಚ್ಚಾಯಿತೆಂದೇ ಅರ್ಥ. ಚಲನೆ ಕಾಳಿನಷ್ಟು ಸಣ್ಣ ಸುತ್ತು, ಅಥವಾ ಅಂಚಿನ ಉದ್ದಕ್ಕೂ ನಾಲ್ಕೈದು ಮಿಲಿಮೀಟರ್‌ನಷ್ಟು ಹಿಂದೆ ಮುಂದೆ. ಅಂಚಿಗೆ ಅಡ್ಡವಾಗಿ, ಅಂದರೆ ಕೆಳಗಿನಿಂದ ಹುಬ್ಬಿನ ಕಡೆಗೆ, ಎಂದೂ ಎಳೆಯಬೇಡಿ. ಬಣ್ಣ ಏರುವುದು ಆ ಒಂದು ಎಳೆತದಿಂದಲೇ.

ನಿಮ್ಮಂತೆ ಮಡಿಕೆ ಇಳಿದ ಕಣ್ಣಿಗೆ ಜಾಗದ ಆಯ್ಕೆಯೂ ಬೇರೆ. ಕಣ್ಣು ಮುಚ್ಚಿ ನಿಜವಾದ ಮಡಿಕೆಯೊಳಗೆ ಬಣ್ಣ ಹಾಕಿದರೆ ಕಣ್ಣು ಬಿಟ್ಟಾಗ ಅದೆಲ್ಲ ಒಳಗೆ ಅಡಗುತ್ತದೆ. ಕಾಣುವುದಿಲ್ಲವೆಂದು ಮತ್ತೆ ಮತ್ತೆ ಹಾಕುತ್ತೀರಿ, ಕೊನೆಗೆ ಹುಬ್ಬು ತಲುಪುತ್ತೀರಿ. ಬದಲಿಗೆ ಹೀಗೆ ಮಾಡಿ. ಕಣ್ಣು ಬಿಟ್ಟುಕೊಂಡು, ನೇರ ನೋಡುತ್ತ, ಇಳಿದ ಚರ್ಮದ ಅಂಚಿಗಿಂತ 2-3 ಮಿಲಿಮೀಟರ್ ಮೇಲೆ ಪೆನ್ಸಿಲ್ ಬ್ರಷ್‌ನಿಂದ ಮೂರು ಚುಕ್ಕೆ ಇಡಿ: ಹೊರ ಮೂಲೆಯ ಮೇಲೆ ಒಂದು, ಕಣ್ಣಿನ ಕಪ್ಪು ಭಾಗದ ಹೊರ ಅಂಚಿನ ನೇರಕ್ಕೆ ಒಂದು, ನಡುವೆ ಒಂದು. ಚರ್ಮಕ್ಕಿಂತ ಒಂದೇ ಮೆಟ್ಟಿಲು ಗಾಢವಾದ ಮ್ಯಾಟ್ ಬಣ್ಣವಿರಲಿ. ಈಗ ಕನ್ನಡಿಯನ್ನು ಗಲ್ಲದ ಕೆಳಗೆ ಇಳಿಸಿ, ದೃಷ್ಟಿ ಕೆಳಗೆ ಹಾಯಿಸಿ. ರೆಪ್ಪೆ ತಾನಾಗಿ ಬಿಚ್ಚಿಕೊಳ್ಳುತ್ತದೆ, ಬೆರಳಲ್ಲಿ ಎಳೆಯಬೇಕಿಲ್ಲ. (ಎಳೆದು ಹಿಡಿದು ಬ್ಲೆಂಡ್ ಮಾಡಿದ್ದು ಬಿಟ್ಟಾಗ ಸುಕ್ಕಾಗಿ ಗೆರೆಯಾಗುತ್ತದೆ.) ಚಿಕ್ಕ ಬ್ಲೆಂಡಿಂಗ್ ಬ್ರಷ್‌ನಿಂದ ಚುಕ್ಕೆಗಳನ್ನು ಸೇರಿಸಿ ಪಟ್ಟಿ ಮಾಡಿ. ಅದಾದ ಮೇಲೆ ಗಾಢ ಬಣ್ಣವನ್ನು ಪೆನ್ಸಿಲ್ ಬ್ರಷ್‌ನಿಂದ ಹೊರ ಮೂಲೆಯ ಮೂರನೇ ಒಂದು ಭಾಗದಲ್ಲಿ ಮಾತ್ರ, ಮೊದಲಿನ ಪಟ್ಟಿಯ ಒಳಗೇ ಇಡಿ. ಮತ್ತೆ ಬ್ಲೆಂಡಿಂಗ್ ಬ್ರಷ್, ಈ ಬಾರಿ ಹೊಸ ಪುಡಿ ಏನೂ ತಾಗಿಸದೆ, ಗಾಢ ಬಣ್ಣದ ಮೇಲಂಚಿನಲ್ಲಿ ಎಂಟು ಹತ್ತು ಸಣ್ಣ ಸುತ್ತು. ಒಂದೊಂದು ಹಂತಕ್ಕೂ ಕಣ್ಣು ಬಿಟ್ಟು, ಒಂದು ಮೊಳ ದೂರದಿಂದ ನೋಡಿ. ಹತ್ತಿರದ ಕನ್ನಡಿಯಲ್ಲಿ ಕಾಣುವ ದೋಷಗಳಲ್ಲಿ ಅರ್ಧದಷ್ಟು ಆ ದೂರದಲ್ಲಿ ಇರುವುದೇ ಇಲ್ಲ, ಅವನ್ನು ತಿದ್ದಲು ಹೋಗಿಯೇ ಕೆಲಸ ಕೆಡುವುದು ಹೆಚ್ಚು.

ಇಷ್ಟು ಮಾಡಿಯೂ ಗೆರೆ ಉಳಿದರೆ ಇನ್ನಷ್ಟು ಉಜ್ಜುವುದು ಮದ್ದಲ್ಲ. ಬ್ರಷ್ಷನ್ನು ಒಣ ಟಿಶ್ಯೂ ಮೇಲೆ ಹತ್ತು ಸಲ ಸವರಿ ಪುಡಿ ಕಳೆಯಿರಿ. ತುದಿಗೆ ಚರ್ಮದ ಬಣ್ಣದ ಮ್ಯಾಟ್ ಪುಡಿಯನ್ನು ಸ್ವಲ್ಪ ತಾಗಿಸಿ, ಗೆರೆಯ ಮೇಲ್ಬದಿಯಲ್ಲಿ, ಗೆರೆಯನ್ನು ಅರ್ಧ ಮಾತ್ರ ಮುಟ್ಟುವಂತೆ ಸುತ್ತುತ್ತ ಹೋಗಿ. ಗಾಢ ಬಣ್ಣವನ್ನು ಮೇಲೆ ತಳ್ಳುವುದಕ್ಕಿಂತ ತಿಳಿ ಬಣ್ಣವನ್ನು ಕೆಳಗೆ ತರುವುದು ಯಾವಾಗಲೂ ಸುಲಭ. ಮಚ್ಚೆಯಾಗಿದ್ದರೆ ಮೊದಲು ಅಲ್ಲಿ ಒದ್ದೆ ಇದೆಯೇ ಎಂದು ಬೆರಳಲ್ಲಿ ಮುಟ್ಟಿ ನೋಡಿ. ಇದ್ದರೆ ಹತ್ತಿಕಡ್ಡಿಯಿಂದ ಆ ಜಾಗ ಮಾತ್ರ ಒರೆಸಿ, ಪೌಡರ್ ಸವರಿ, ಮತ್ತೆ ಬಣ್ಣ ಇಡಿ. ಮುಚ್ಚಿಹಾಕಲು ಮೇಲೆ ಮೇಲೆ ಪುಡಿ ಸುರಿದರೆ ಗಂಟೂ ಸುಕ್ಕೂ ಖಚಿತ.

ಬಣ್ಣಗಳೆಲ್ಲ ಸೇರಿ ಕೆಸರಿನಂತಾದರೆ ಕಾರಣ ಎರಡರಲ್ಲೊಂದು. ಒಂದೇ ಬ್ರಷ್‌ನಲ್ಲಿ ಮೂರು ನಾಲ್ಕು ಬಣ್ಣ ಹಾಕಿರಬಹುದು, ಅಥವಾ ನೇರಳೆ ಹಳದಿ, ಕೆಂಪು ಹಸಿರು ಹೀಗೆ ಒಂದನ್ನೊಂದು ಕೊಲ್ಲುವ ಬಣ್ಣಗಳು ಅಂಚಿನಲ್ಲಿ ಬೆರೆತಿರಬಹುದು. ಅಂಥ ಜೋಡಿಯ ನಡುವೆ ತಟಸ್ಥವಾದ ಮೂರನೇ ಬಣ್ಣದ ತೆಳು ಪಟ್ಟಿ ಬಿಡಿ. ಶಿಮ್ಮರ್ (ಹೊಳೆಯುವ ಐಶ್ಯಾಡೋ) ಹಾಕಿದ ಬ್ರಷ್ ಮ್ಯಾಟ್ ಅಂಚಿಗೆ ಹೋಗಲೇಬಾರದು. ಹೊಳಪಿನ ಕಣ ಒಂದೆರಡು ಉಳಿದಿದ್ದರೂ ಅಂಚು ಎದ್ದು ಕಾಣುತ್ತದೆ. ಅಂದಹಾಗೆ ಶಿಮ್ಮರ್‌ಗೆ ಈ ಚಿಕ್ಕ ಬ್ರಷ್ ಬೇಡವೇ ಬೇಡ, ಬೆರಳು ಅಥವಾ ಚಪ್ಪಟೆ ಬ್ರಷ್ ಸಾಕು.

ಕೆಳರೆಪ್ಪೆಗೂ ಒಳಮೂಲೆಗೂ ನೀವು ಈಗಾಗಲೇ ಕೊಂಡಿರುವ ಪೆನ್ಸಿಲ್ ಬ್ರಷ್ಷೇ ಸರಿ. ಕೆಳಗೆ ಬಣ್ಣದ ಪಟ್ಟಿ 2-3 ಮಿಲಿಮೀಟರ್ ಮೀರದಿರಲಿ, ಹೊರಗಿನಿಂದ ಒಳಕ್ಕೆ ಹಾಕುತ್ತ ಬನ್ನಿ. ರೆಪ್ಪೆಗೂದಲಿಗಿಂತ ಒಳಗಿನ ತೇವದ ಅಂಚಿನ ಮೇಲೆ ಪುಡಿ ಹಾಕಬೇಡಿ. ಕಣ್ಣಿನ ನೀರು ಬೇಗ ಆರದಂತೆ ಕಾಯುವ ಎಣ್ಣೆಯ ಗ್ರಂಥಿಗಳ ಬಾಯಿ ಅಲ್ಲಿದೆ. ಕಾಂಟ್ಯಾಕ್ಟ್ ಲೆನ್ಸ್ ಇದ್ದವರು ಲೆನ್ಸ್ ಹಾಕಿಕೊಂಡ ಮೇಲೆಯೇ ಮೇಕಪ್ ಶುರುಮಾಡಬೇಕು, ಮೇಕಪ್ ತೆಗೆಯುವ ಮುಂಚೆ ಲೆನ್ಸ್ ತೆಗೆಯಬೇಕು.

ಕೊನೆಯದಾಗಿ ತೊಳೆಯುವುದು, ಏಕೆಂದರೆ ಕೊಳೆಯಾದ ಬ್ರಷ್‌ನಲ್ಲಿ ಕರಗಿಸುವ ಕೆಲಸ ನಡೆಯುವುದೇ ಇಲ್ಲ: ಚರ್ಮದ ಎಣ್ಣೆ ಎಳೆಗಳನ್ನು ಅಂಟಿಸಿ, ಸಡಿಲ ಬ್ರಷ್ಷನ್ನೂ ಪೆನ್ಸಿಲ್ ಬ್ರಷ್‌ನಂತೆ ಗಟ್ಟಿ ಮಾಡುತ್ತದೆ. 7ರಿಂದ 10 ದಿನಗಳಿಗೊಮ್ಮೆ ತೊಳೆಯಿರಿ ಎಂಬುದು ಅಮೆರಿಕದ ಚರ್ಮವೈದ್ಯರ ಅಕಾಡೆಮಿಯ ಸಲಹೆ. ಕ್ರೀಮ್ ಬಳಸಿದರೆ ಪ್ರತಿ ಬಳಕೆಯ ನಂತರ ತೊಳೆಯುವುದು ಲೇಸು. ಉಗುರುಬೆಚ್ಚಗಿನ ನೀರಿನಲ್ಲಿ ತುದಿಯನ್ನು ಮಾತ್ರ ಅದ್ದಿ. ಅಂಗೈಯಲ್ಲಿ ಒಂದು ಹನಿ ಸೌಮ್ಯ ಶಾಂಪೂ ಹಾಕಿ ಮೆಲ್ಲಗೆ ಸುತ್ತಿಸಿ, ತಲೆ ಕೆಳಗಾಗಿ ಹಿಡಿದು ನೀರು ತಿಳಿಯಾಗುವವರೆಗೆ ತೊಳೆಯಿರಿ. ಲೋಹದ ಕೊಳವೆಯೊಳಗೆ ನೀರು ಹೋದರೆ ಅಂಟು ಸಡಿಲವಾಗಿ ಎಳೆ ಉದುರುತ್ತದೆ, ಮರದ ಹಿಡಿ ಊದಿ ಬಿರುಕು ಬಿಡುತ್ತದೆ. ಟವೆಲ್‌ನಲ್ಲಿ ಹಿಂಡಿ, ಬೆರಳಿನಿಂದ ಜ್ವಾಲೆಯ ಆಕಾರಕ್ಕೆ ತಂದು, ಮೇಜಿನ ಅಂಚಿನಿಂದ ಗೊಂಚಲು ಹೊರಚಾಚುವಂತೆ ಅಡ್ಡ ಮಲಗಿಸಿ. ಲೋಟದಲ್ಲಿ ನೆಟ್ಟಗೆ ನಿಲ್ಲಿಸಿ ಒಣಗಿಸಬೇಡಿ, ಹೇರ್ ಡ್ರೈಯರ್‌ನ ಬಿಸಿಗಾಳಿಯೂ ಬೇಡ. ರಾತ್ರಿ ತೊಳೆದರೆ ಬೆಳಗ್ಗೆ ಸಿದ್ಧ. ಒಳಗೆ ತೇವ ಉಳಿದಿದ್ದರೆ ಪುಡಿ ಗಂಟು ಕಟ್ಟಿ, ನೀವು ಬರೆದ ಅದೇ ಮಚ್ಚೆ ಮರಳಿ ಬರುತ್ತದೆ.

ಕಣ್ಣು ಕೆಂಪಾಗಿದ್ದಾಗ, ರೆಪ್ಪೆಯಲ್ಲಿ ಕುರು ಎದ್ದಿದ್ದಾಗ ಬ್ರಷ್ ಮುಟ್ಟಬೇಡಿ, ನಿಮ್ಮ ಬ್ರಷ್ಷನ್ನು ಬೇರೆಯವರಿಗೆ ಕೊಡಲೂ ಬೇಡಿ. ಸರಿಯಾಗಿ ತೊಳೆದು ಒಣಗಿಸಿದ ನಂತರವೂ ಗೊಂಚಲು ಅರಳಿಕೊಂಡೇ ಇದ್ದರೆ, ತುದಿ ಒಂದೆಡೆ ಸೇರದಿದ್ದರೆ, ಆ ಬ್ರಷ್ಷನ್ನು ನಿಖರವಾದ ಕೆಲಸದಿಂದ ಬಿಡಿಸಿ ಪ್ರೈಮರ್ ಮೇಲೆ ಪೌಡರ್ ಸವರಲು ಇಟ್ಟುಕೊಳ್ಳಿ.